ಕಡಲ ಕಸ, ಗಾಜಿನಾಚೆಯ ಜೀವ: ನಮ್ಮ ವಿದ್ಯಾರ್ಥಿ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಕನ್ನಡ ಮನೆಗಳ ಕೆಲವು ಮಕ್ಕಳು ಭಾನುವಾರ ಭಾನುವಾರ ಸೇರಿ ಕಡಲ ತೀರದಲ್ಲೋ ಪ್ರಾಣಿ ಸಂಗ್ರಹಾಲಯದಲ್ಲೋ ಸಣ್ಣ ಸಣ್ಣ ಸಂಶೋಧನೆ ಮಾಡುತ್ತಾರೆ. ಒಂಬತ್ತನೇ ಕ್ಲಾಸಿನವರಿಂದ ಹಿಡಿದು ಬಿಎಸ್‌ಸಿಯವರ ತನಕ ಇದ್ದಾರೆ. ಡೊಂಬಿವಲಿಯಿಂದ, ಮೀರಾ ರೋಡಿನಿಂದ ಬರುತ್ತಾರೆ. ಗೋವಾದ ವಾಸ್ಕೋದಿಂದಲೂ ಆಗಾಗ ಫೋನ್ ಬರುತ್ತದೆ. ಇವರ ಜೊತೆ ಓಡಾಡುವುದು ನನ್ನ ಕೆಲಸ. ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಾರೆ, ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಅಪ್ಪ ಅಮ್ಮಂದಿರೂ ಓದಲಿ.

ಕಡಲ ಮಾಲಿನ್ಯ ಬೇರೆ, ಕೂಡಿಹಾಕಿದ ಪ್ರಾಣಿಗಳ ಯೋಗಕ್ಷೇಮ ಬೇರೆ. ಎರಡೂ ಒಂದೇ ಗುಂಪಿನಲ್ಲಿ ಯಾಕೆ?

ಒಂದು ಕಡಲಾಮೆಯನ್ನು ನೆನೆಸಿಕೊಳ್ಳಿ. ಮಳೆಗಾಲದ ಗಾಳಿಗೆ ಮಹಾರಾಷ್ಟ್ರದ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಬಂದು ಬೀಳುತ್ತವೆ. ಎಷ್ಟೋ ಆಮೆಗಳ ಕಾಲಿಗೆ ಹರಿದ ಬಲೆ ಸುತ್ತಿಕೊಂಡಿರುತ್ತದೆ. ನೈಲಾನ್ ದಾರ ಮಾಂಸದೊಳಗೆ ಇಳಿದಿರುತ್ತದೆ. ಅಲ್ಲಿಯವರೆಗೆ ಅದು ಮಾಲಿನ್ಯದ ವಿಷಯ. ಅದನ್ನು ಎತ್ತಿ ಪಾಲ್ಘರ್ ಜಿಲ್ಲೆಯ ಡಹಾಣೂವಿನ ಆಮೆ ಚಿಕಿತ್ಸಾ ಕೇಂದ್ರಕ್ಕೆ ಒಯ್ದರು ಅಂದುಕೊಳ್ಳಿ. ಈಗ ಅದು ತೊಟ್ಟಿಯಲ್ಲಿರುವ ಪ್ರಾಣಿ. ನೀರು ಶುದ್ಧವಾಗಿದೆಯಾ, ಮುಳುಗಲು ಆಳ ಸಾಕಾ, ತಾನಾಗಿ ತಿನ್ನುತ್ತಿದೆಯಾ ಎಂದು ಕೇಳಲೇಬೇಕು. ಆಮೆ ಒಂದೇ. ನಮ್ಮ ಪ್ರಶ್ನೆ ಮಾತ್ರ ದಡ ದಾಟಿತು.

ಇನ್ನೊಂದು ಕಾರಣವೂ ಇದೆ. ಎರಡೂ ಕೆಲಸಕ್ಕೆ ಬೇಕಾದ ಅಭ್ಯಾಸ ಒಂದೇ: ಕಂಡದ್ದನ್ನು ಕಂಡಷ್ಟೇ ಬರೆಯುವುದು. ಅನ್ನಿಸಿದ್ದನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯುವುದು. ನಮ್ಮ ಎಲ್ಲ ನೋಟ್‌ಬುಕ್‌ಗಳಲ್ಲೂ ಈ ಎರಡು ಕಾಲಮ್ ಇರುತ್ತವೆ, "ಕಂಡದ್ದು" ಮತ್ತು "ಅನ್ನಿಸಿದ್ದು".

ನಾನು ಕಾಮರ್ಸ್ ಓದುತ್ತಿದ್ದೇನೆ. ಬರಬಹುದಾ?

ಖಂಡಿತ ಬನ್ನಿ. ಲೆಕ್ಕ ನೀಟಾಗಿ ಬರೆಯುವವರು ನಮಗೆ ಯಾವಾಗಲೂ ಕಮ್ಮಿ.

ವಿಷಯ ಹೇಗೆ ಆರಿಸೋದು?

"ಮುಂಬಯಿಯ ಸಮುದ್ರ ಮಾಲಿನ್ಯ" ಅಂತ ಬರೆದುಕೊಂಡು ಬರುತ್ತಾರೆ. ಅದು ವಿಷಯದ ಹೆಸರು, ಪ್ರಶ್ನೆ ಆಗಲಿಲ್ಲ. ಪ್ರಶ್ನೆ ಅಂದರೆ ಮೂರು ತಿಂಗಳಲ್ಲಿ, ನಿಮ್ಮ ಲೋಕಲ್ ಟ್ರೇನ್ ಪಾಸಿನ ದೂರದಲ್ಲಿ, ನಿಮ್ಮ ಕೈಯಲ್ಲಿರುವ ಸಾಮಾನಿನಲ್ಲೇ ಉತ್ತರ ಹುಡುಕಬಹುದಾದದ್ದು. "ಜುಹೂ ತೀರದಲ್ಲಿ ತಿಂಡಿ ಅಂಗಡಿಗಳ ಮುಂದೆ ಸಿಗುವ ಪ್ಲಾಸ್ಟಿಕ್ಕಿಗೂ ಅರ್ಧ ಕಿಲೋಮೀಟರ್ ಆಚೆ ಸಿಗುವ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ಇದೆಯಾ?" ಇದು ಪ್ರಶ್ನೆ. "ಜನ ಜಾಸ್ತಿ ಇರುವ ಭಾನುವಾರ ಝೂನ ಪೆಂಗ್ವಿನ್‌ಗಳು ಗಾಜಿನ ಹತ್ತಿರ ಕಡಿಮೆ ಬರುತ್ತವಾ?" ಇದೂ ಪ್ರಶ್ನೆ.

ಉತ್ತರ ಮೊದಲೇ ಗೊತ್ತು ಅನ್ನಿಸುವ ಪ್ರಶ್ನೆಯನ್ನು ಬಿಟ್ಟುಬಿಡಿ. ಬರುವ ಉತ್ತರ ನಿಮಗೆ ಇಷ್ಟವಾಗದಿರುವ ಸಾಧ್ಯತೆಯೂ ಇರಬೇಕು.

ಯಾವ ತೀರಕ್ಕೆ ಹೋಗೋದು ಒಳ್ಳೇದು?

ಹೊಸಬರಿಗೆ ಜುಹೂ, ವರ್ಸೋವಾ. ಮರಳು ಇದೆ, ಜಾಗ ಇದೆ, ಜನ ಇದ್ದಾರೆ. ಮಿಠೀ ನದಿ ಬಂದು ಸೇರುವ ಮಾಹಿಮ್ ಕಡೆ ಕಸದ ಜಾತಿಯೇ ಬೇರೆ. ಪವಾಯಿ, ವಿಹಾರ್ ಕೆರೆಗಳಿಂದ ಹೊರಟು 18 ಕಿಲೋಮೀಟರಿನಷ್ಟು ಊರೊಳಗೆ ಹರಿದು ಬರುವ ನದಿ ಅದು. ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತದೆ. ಠಾಣೆ ಖಾರಿಯ (ನೆಲದೊಳಗೆ ಚಾಚಿದ ಕಡಲ ಕವಲು) ಕೆಸರಿಗೆ ಇಳಿಯಬೇಡಿ. ಕಾಲು ಹೂತುಹೋಗುತ್ತದೆ. ಫ್ಲೆಮಿಂಗೋ ನೋಡಲು ಶಿವಡಿಯ ದಂಡೆಯೇ ಸಾಕು. ಅಕ್ಸಾದಲ್ಲಿ ನೀರಿಗೆ ಇಳಿಯಲೇಬೇಡಿ. ಅಲ್ಲಿ ಎಷ್ಟು ಜನ ಮುಳುಗಿದ್ದಾರೆ ಅಂತ ಮುಂಬಯಿಯವರಿಗೆ ಹೇಳಬೇಕಾಗಿಲ್ಲ.

ವರ್ಸೋವಾ ಬಗ್ಗೆ ಒಂದು ಮಾತು. 2015ರ ಅಕ್ಟೋಬರಿನಲ್ಲಿ ವಕೀಲ ಅಫ್ರೋಜ್ ಶಾಹ್ ಅಲ್ಲಿ ಕಸ ಹೆಕ್ಕಲು ಶುರು ಮಾಡಿದರು. ಆಮೇಲೆ ಸಾವಿರಾರು ಜನ ಕೈಜೋಡಿಸಿದರು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಆಲಿವ್ ರಿಡ್ಲಿ ಮರಿಗಳು ಎದ್ದು ಕಡಲಿಗೆ ಹೋದವು. ನನಗೆ ಈಗಲೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ. ಸಂಶೋಧಕರು ಮಾತ್ರ ಇಲ್ಲಿ ಒಂದು ವಿಷಯ ಗಮನಿಸಬೇಕು. ಗುಡಿಸಿದ ಅಂಗಳದಲ್ಲಿ ಕಸ ಎಣಿಸಿದರೆ ಸಿಗುವುದು ಗುಡಿಸಿದವರ ಲೆಕ್ಕ, ಕಡಲು ತಂದ ಕಸದ ಲೆಕ್ಕ ಸಿಗುವುದಿಲ್ಲ. ಪಾಲಿಕೆಯ ಟ್ರ್ಯಾಕ್ಟರ್ ಎಷ್ಟು ಹೊತ್ತಿಗೆ ಬಂತು, ಸ್ವಯಂಸೇವಕರು ಯಾವ ದಿನ ಹೆಕ್ಕಿದರು ಎಂಬುದನ್ನು ಕೇಳಿ ಬರೆದುಕೊಳ್ಳಿ. ಅದನ್ನು ಬಿಟ್ಟರೆ ನಿಮ್ಮ ಎಣಿಕೆಗೆ ಅರ್ಥವೇ ಇರುವುದಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ 7 ಗಂಟೆಗೆ ಹೋದರೆ ಸಾಕಲ್ವಾ?

ಸಾಕಾಗುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಭಾನುವಾರ 7ಕ್ಕೆ ಉಬ್ಬರ ತುಂಬಿದ್ದರೆ ಮುಂದಿನ ಭಾನುವಾರ ಅದೇ 7ಕ್ಕೆ ನೀರು ಹೆಚ್ಚು ಕಡಿಮೆ ಪೂರ್ತಿ ಇಳಿದಿರುತ್ತದೆ. ಎರಡು ವಾರ ಬಿಟ್ಟು ಹೋದರೆ ಮತ್ತೆ ಉಬ್ಬರದ ಹತ್ತಿರಕ್ಕೆ ಬರುತ್ತೀರಿ. ಮುಂಬಯಿಯಲ್ಲಿ ಮಳೆಗಾಲದ ದೊಡ್ಡ ಉಬ್ಬರ 5 ಮೀಟರಿನ ಹತ್ತಿರ ಹೋಗುತ್ತದೆ. ಗೋವಾದಲ್ಲಿ ಅದರ ಅರ್ಧ. ಹಾಗಾಗಿ ಗೋವಾದ ಲೆಕ್ಕವನ್ನು ಇಲ್ಲಿಗೆ ಹಾಗೇ ಎತ್ತಿಡಲು ಬರುವುದಿಲ್ಲ.

ಉಬ್ಬರದ ಪಟ್ಟಿ ಮೊಬೈಲಿನಲ್ಲಿ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ನಮ್ಮಲ್ಲಿ ಮೊಗವೀರ ಮನೆಯ ಮಕ್ಕಳಿದ್ದಾರೆ. ಅವರ ಅಜ್ಜಂದಿರು ಪಂಚಾಂಗ ನೋಡಿ ಇದನ್ನು ಬಾಯಲ್ಲೇ ಹೇಳುತ್ತಾರೆ. ಒಮ್ಮೆ ಅಜ್ಜನ ಹತ್ತಿರ ಕೂತು ಕೇಳಿ, ಆಮೇಲೆ ಪಟ್ಟಿ ತೆರೆದು ನೋಡಿ.

ಮೈಕ್ರೋಪ್ಲಾಸ್ಟಿಕ್ ಎಣಿಸಲು ದೊಡ್ಡ ಲ್ಯಾಬ್ ಬೇಕಾ?

5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕವಕ್ಕೆ ಲ್ಯಾಬ್ ಬೇಕೇ ಬೇಕು. ಆದರೆ 1ರಿಂದ 5 ಮಿಲಿಮೀಟರ್ ತನಕದ ಚೂರುಗಳನ್ನು ಭೂತಗನ್ನಡಿ ಹಿಡಿದು ನೀವೇ ಎಣಿಸಬಹುದು. ವರದಿಯಲ್ಲಿ "ನಾವು 1 ಮಿಲಿಮೀಟರಿಗಿಂತ ಚಿಕ್ಕದನ್ನು ನೋಡಿಲ್ಲ" ಎಂದು ಸ್ಪಷ್ಟವಾಗಿ ಬರೆದುಬಿಡಿ.

ಹಿಂದಿನ ಉಬ್ಬರ ಬಿಟ್ಟುಹೋದ ಗೆರೆ ಮರಳಿನ ಮೇಲೆ ಕಾಣುತ್ತದೆ. ಒಣ ಎಲೆ, ಕಡ್ಡಿ, ಥರ್ಮೋಕೋಲ್ ಕಾಳು ಸಾಲಾಗಿ ಬಿದ್ದಿರುತ್ತವೆ. ಆ ಗೆರೆಯ ಮೇಲೆ 50 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕಟ್ಟು ಇಡಿ. ಎಲ್ಲಿ ಕಸ ಜಾಸ್ತಿ ಕಾಣುತ್ತದೋ ಅಲ್ಲೇ ಇಡಬೇಡಿ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. 20 ಮೀಟರಿಗೆ ಒಂದು ಅಂತ ಮೊದಲೇ ನಿಗದಿ ಮಾಡಿ, ಅಲ್ಲಿ ಏನಿದ್ದರೂ ಅಲ್ಲೇ ಇಡಿ. ಮೇಲಿನ 5 ಸೆಂಟಿಮೀಟರ್ ಮರಳನ್ನು ಸ್ಟೀಲ್ ಚಮಚದಲ್ಲಿ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಡಬ್ಬಿ ಬೇಡ.

ಮನೆಗೆ ಬಂದು ಉಪ್ಪು ನೀರು ಮಾಡಿಕೊಳ್ಳಿ. ಒಂದು ಲೀಟರ್ ನೀರಿಗೆ ಸುಮಾರು 350 ಗ್ರಾಂ ಉಪ್ಪು. ಒಣಗಿಸಿದ ಮರಳನ್ನು ಅದರಲ್ಲಿ ಹಾಕಿ ಕಲಕಿ, ಬಿಡಿ. ಮರಳು ತಳಕ್ಕೆ ಇಳಿಯುತ್ತದೆ, ಹಗುರ ಪ್ಲಾಸ್ಟಿಕ್ ಮೇಲೆ ತೇಲುತ್ತದೆ. ಮೇಲಿನ ನೀರನ್ನು ಸೋಸಿ ಎಣಿಸಿ. ಇಲ್ಲೊಂದು ಮಿತಿ ಇದೆ. ಕ್ಯಾರಿಬ್ಯಾಗಿನ ಪಾಲಿಎಥಿಲೀನ್, ಮುಚ್ಚಳಗಳ ಪಾಲಿಪ್ರೊಪಿಲೀನ್ ತೇಲುತ್ತವೆ. ನೀರಿನ ಬಾಟಲಿಯ ಪೆಟ್, ಪೈಪಿನ ಪಿವಿಸಿ ಈ ಉಪ್ಪು ನೀರಿನಲ್ಲೂ ಮುಳುಗುತ್ತವೆ. ಹಾಗಾಗಿ ನಿಮ್ಮ ಎಣಿಕೆ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಎಲೆ, ನಾರು ಕರಗಿಸುವ ವಿಧಾನವನ್ನು ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ.

ಸಾಬಕ್ಕಿಯಂಥ ದುಂಡು ಕಾಳು ಸಿಕ್ಕರೆ ಬೇರೆಯಾಗಿ ಎಣಿಸಿ. ಅವು ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಯ ಕಚ್ಚಾ ಮಾಲು. 2025ರ ಮೇ ತಿಂಗಳಲ್ಲಿ ಕೇರಳದ ಕಡಲಿನಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅಲ್ಲಿನ ತೀರಕ್ಕೆ ಬಂದು ಬಿದ್ದದ್ದು ಇವೇ.

"ಬ್ಲ್ಯಾಂಕ್" ಇಡಿ ಅಂತ ಅಷ್ಟು ಒತ್ತಾಯ ಮಾಡ್ತೀರಿ. ಅದು ಯಾಕೆ?

ಬ್ಲ್ಯಾಂಕ್ ಅಂದರೆ ಮರಳು ಹಾಕದೆ, ಬರೀ ಉಪ್ಪು ನೀರನ್ನು ಅದೇ ರೀತಿ ಕಲಕಿ, ಸೋಸಿ ನೋಡುವುದು. ಅದರಲ್ಲಿ ಏನೂ ಸಿಗಬಾರದು.

ಒಂದು ಸಲ ನಮ್ಮ ನಾಲ್ವರು ಮಕ್ಕಳು ಒಂದು ತಿಂಗಳು ಕೆಲಸ ಮಾಡಿದರು. ಪ್ರತಿ ಸೋಸುಕಾಗದದ ಮೇಲೂ ನೀಲಿ ಎಳೆ. "ಮೀನುಗಾರರ ಬಲೆಯ ದಾರ ಇರಬೇಕು" ಅಂತ ತೀರ್ಮಾನವೂ ಆಗಿಹೋಗಿತ್ತು, ಪೋಸ್ಟರ್ ಬರೆಯುವುದಷ್ಟೇ ಬಾಕಿ. ಬ್ಲ್ಯಾಂಕ್ ಇಟ್ಟಿರಲಿಲ್ಲ. ಕೊನೆಗೆ ಇಟ್ಟೆವು. ಬಿಳಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಲ್ಲೂ ಅದೇ ನೀಲಿ ಎಳೆ. ಕೂದಲಿಗಿಂತ ತೆಳು, ತುದಿ ಸ್ವಲ್ಪ ಸುರುಳಿ. ಒಬ್ಬ ಹುಡುಗಿ ಸುಮ್ನೆ ತನ್ನ ತೋಳಿನ ಕಡೆ ನೋಡಿದಳು. ಶಾಲೆಯಿಂದ ನೇರ ಬಂದಿದ್ದಳು, ಮೈಮೇಲೆ ನೀಲಿ ಪಾಲಿಯೆಸ್ಟರ್ ಸ್ವೆಟರ್. ತಿಂಗಳ ಲೆಕ್ಕ ಪೂರ್ತಿ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದೆವು. ಬೇಜಾರಾಯಿತು, ನಿಜ. ಆದರೆ ಆ ಪೋಸ್ಟರ್ ಹೊರಗೆ ಹೋಗಿದ್ದರೆ ವರ್ಸೋವಾದ ಕೋಳಿ ಸಮುದಾಯದ ಮೀನುಗಾರರ ಮೇಲೆ ಇಲ್ಲದ ಆರೋಪ ಹೊರಿಸಿದಂತೆ ಆಗುತ್ತಿತ್ತು.

ಈಗ ಎಲ್ಲರೂ ಹತ್ತಿ ಬಟ್ಟೆ ಹಾಕಿಕೊಂಡೇ ಸೋಸುತ್ತಾರೆ. ಫ್ಯಾನ್ ಆಫ್. ಮೂರು ಸ್ಯಾಂಪಲ್ಲಿಗೆ ಒಂದು ಬ್ಲ್ಯಾಂಕ್.

ನೀರಿನ ಪರೀಕ್ಷೆ ಮಾಡಬಹುದಾ?

ಪಿಎಚ್, ಉಪ್ಪಿನಂಶ, ಕರಗಿದ ಆಮ್ಲಜನಕ ಇವನ್ನು ಕಿಟ್ ಇಟ್ಟುಕೊಂಡು ನೋಡಬಹುದು. ಸ್ನಾನಕ್ಕೆ, ಈಜಿಗೆ ಬಳಸುವ ಕಡಲ ನೀರಿನಲ್ಲಿ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು, ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 100ರ ಒಳಗಿರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಕೋಲಿಫಾರ್ಮ್ ಪರೀಕ್ಷೆಯನ್ನು ಮಾತ್ರ ಲ್ಯಾಬಿಗೇ ಬಿಡಿ. ಬಾಟಲಿಯನ್ನು ಐಸಿನಲ್ಲಿಟ್ಟು ಆದಷ್ಟು ಬೇಗ ತಲುಪಿಸಬೇಕು. ದಾದರಿನಿಂದ ಸಂಜೆ ಲೋಕಲ್ ಹಿಡಿದು ಮೆಲ್ಲಗೆ ಒಯ್ದರೆ ಆಗುವುದಿಲ್ಲ.

ಗಣೇಶ ವಿಸರ್ಜನೆ ಬಗ್ಗೆ ಮಾಡಲಾ?

ಪ್ರತಿ ವರ್ಷ ಹತ್ತು ಜನ ಕೇಳುತ್ತಾರೆ. ಮಾಡಿ, ಆದರೆ ವಿಸರ್ಜನೆಯ ಮರುದಿನದ ಫೋಟೋ ಅಷ್ಟೇ ಇಟ್ಟುಕೊಂಡು ಬೇಡ. ಹಬ್ಬಕ್ಕೆ ಎರಡು ವಾರ ಮೊದಲು, ಹಬ್ಬದಲ್ಲಿ, ಆಮೇಲೆ ತಿಂಗಳ ತನಕ ಅದೇ ಜಾಗದಲ್ಲಿ ಅಳೆಯಿರಿ. ವಿಸರ್ಜನೆ ಇಲ್ಲದ ಇನ್ನೊಂದು ಜಾಗದಲ್ಲೂ ಅಳೆಯಿರಿ. ಮಳೆ ಬಿದ್ದ ದಿನ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಮಳೆ ಕೊಚ್ಚಿ ತಂದ ಕಸವೂ ಗಣಪತಿಯ ಲೆಕ್ಕಕ್ಕೆ ಬೀಳುತ್ತದೆ.

ತೀರದಲ್ಲಿ ಆಮೆ ಅಥವಾ ಡಾಲ್ಫಿನ್ ಬಿದ್ದಿದ್ದರೆ ಏನು ಮಾಡಬೇಕು?

ಮುಟ್ಟಬೇಡಿ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಸತ್ತ ಆಮೆಯ ಚಿಪ್ಪನ್ನೂ ಮನೆಗೆ ತರುವಂತಿಲ್ಲ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಜಾಗ, ಹೊತ್ತು ಬರೆದುಕೊಳ್ಳಿ. ಪಕ್ಕದಲ್ಲಿ ಸ್ಕೇಲೋ ಚಪ್ಪಲಿಯೋ ಇಟ್ಟು ಫೋಟೋ ತೆಗೆಯಿರಿ, ಗಾತ್ರ ಗೊತ್ತಾಗಲಿ.

ಜೀವ ಇದ್ದರೆ ದಯವಿಟ್ಟು ಕಡಲಿಗೆ ತಳ್ಳಬೇಡಿ. ಸುಸ್ತಾದ ಆಮೆ ಮುಳುಗಿಯೇ ಸಾಯಬಹುದು, ಅದಕ್ಕೂ ಉಸಿರಾಡಲು ಗಾಳಿಯೇ ಬೇಕು. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚದ ಹಾಗೆ ನೋಡಿಕೊಳ್ಳಿ. ಸೆಲ್ಫಿಗೆ ಬರುವವರನ್ನು ದೂರ ನಿಲ್ಲಿಸಿ. ಇಲಾಖೆಯವರು ಬರುವ ತನಕ ಇದೇ ನಿಮ್ಮ ಕೆಲಸ.

ಝೂಗೆ ಹೋಗಿ ನೋಡಿದರೆ ಅದೂ ಸಂಶೋಧನೆ ಆಗುತ್ತಾ?

ಆಗುತ್ತದೆ, ಕೂತು ನೋಡಿದರೆ. ಭಾಯಖಳಾದ ರಾಣಿ ಬಾಗ್ ಝೂಗೆ 2016ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ 8 ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅವುಗಳಲ್ಲಿ ಒಂದು ಅದೇ ವರ್ಷ ಸತ್ತಿತು. ಇಲ್ಲೇ ಹುಟ್ಟಿದ ಮೊದಲ ಮರಿ 2018ರ ಆಗಸ್ಟ್ 15ರಂದು ಮೊಟ್ಟೆಯಿಂದ ಹೊರಬಂದು ಕೆಲವೇ ದಿನ ಬದುಕಿತು. ಆಮೇಲೆ ಮರಿಗಳು ಉಳಿದು ಬೆಳೆದವು. ನಮ್ಮ ಮಕ್ಕಳಿಗೆ ಇವುಗಳ ಮೇಲೆ ಬಹಳ ಪ್ರೀತಿ. ಬುಧವಾರ ರಜೆ, ನೆನಪಿಡಿ.

ಮೊದಲು ವರ್ತನೆಗಳ ಪಟ್ಟಿ ಮಾಡುತ್ತೇವೆ. ಈಜು, ನಿಲ್ಲುವುದು, ನಡೆಯುವುದು, ಗರಿ ತೀಡುವುದು, ಕೂಗು, ಜಗಳ, ಕಾಣುತ್ತಿಲ್ಲ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪ್ರಾಣಿ ಮರೆಗೆ ಹೋಗಿದ್ದರೆ ಅದೂ ಒಂದು ಮಾಹಿತಿ. ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ, ಆ ಕ್ಷಣಕ್ಕೆ ಯಾವ ಪೆಂಗ್ವಿನ್ ಏನು ಮಾಡುತ್ತಿದೆ ಎಂದು ಗುರುತು ಹಾಕಬೇಕು. ಗಂಟೆಗೆ 30 ಸಾಲು. ಇಬ್ಬರು ಅಕ್ಕಪಕ್ಕ ಕೂತು, ಮಾತಾಡದೆ ಬೇರೆ ಬೇರೆಯಾಗಿ ಬರೆದು, ಆಮೇಲೆ ಹೋಲಿಸಬೇಕು. ಇಬ್ಬರದೂ ತೀರಾ ಬೇರೆಯಾಗಿದ್ದರೆ ಪಟ್ಟಿ ಸರಿಯಿಲ್ಲ ಅಂತ ಅರ್ಥ.

ಒಬ್ಬ ಹುಡುಗ ಎರಡು ವಾರ ಒಂದೇ ಪೆಂಗ್ವಿನ್ ಬಗ್ಗೆ ಬರೆದಿದ್ದ: "ಬೇಜಾರಾಗಿದೆ. ನೀರಿಗೇ ಇಳಿಯುತ್ತಿಲ್ಲ. ಮೂಲೆಯಲ್ಲಿ ನಿಂತಿದೆ." ನಾನು ಕಾಲಮ್ ಬದಲಿಸಲು ಹೇಳಿದೆ. "ಕಂಡದ್ದು" ಕೆಳಗೆ ಏನು ಬರೆಯುತ್ತೀಯಾ? ಅವನು ಮತ್ತೆ ಹೋಗಿ ನೋಡಿ ಬರೆದ: "ನಿಂತಿದೆ. ಕುತ್ತಿಗೆಯ ಹತ್ತಿರ ಹಳೇ ಗರಿ ಎದ್ದು ನಿಂತಿದೆ, ಅಡಿಯಲ್ಲಿ ಹೊಸದು ಹೊಳೆಯುತ್ತಿದೆ. ಕಾಲ ಬಳಿ ಗರಿ ಬಿದ್ದಿದೆ." ಅದು ಗರಿ ಬದಲಿಸುತ್ತಿತ್ತು. ಪೆಂಗ್ವಿನ್‌ಗಳು ವರ್ಷಕ್ಕೊಮ್ಮೆ ಎಲ್ಲ ಗರಿಯನ್ನೂ ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬರುವ ತನಕ, ಎರಡು ಮೂರು ವಾರ, ಮೈಗೆ ನೀರು ತಡೆಯುವ ಹೊದಿಕೆ ಇರುವುದಿಲ್ಲ. ಅದಕ್ಕೇ ನೀರಿಗೆ ಇಳಿಯುವುದಿಲ್ಲ.

ಹಂಬೋಲ್ಟ್ ಪೆಂಗ್ವಿನ್‌ಗಳಿಗೆ ಹಿಮ ಬೇಕು ಅಂತಲೂ ಬಹಳ ಜನ ಬರೆಯುತ್ತಾರೆ. ಅವುಗಳ ಊರು ಪೆರು, ಚಿಲಿಯ ಒಣ ಕರಾವಳಿ. ಬೇಕಾದದ್ದು ತಣ್ಣನೆಯ ಕಡಲು.

ಪ್ರಾಣಿ ಚೆನ್ನಾಗಿದೆ ಅಂತ ಹೇಗೆ ಹೇಳೋದು?

"ಐದು ಸ್ವಾತಂತ್ರ್ಯ" ಅನ್ನುವ ಒಂದು ಪಟ್ಟಿ ಇದೆ. ಬ್ರಿಟನ್ನಿನಲ್ಲಿ 1965ರಲ್ಲಿ ಬಂದ ಬ್ರ್ಯಾಂಬೆಲ್ ಸಮಿತಿಯ ವರದಿಯಿಂದ ಬೆಳೆದದ್ದು. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗದಲ್ಲಿ ಹಿಂಸೆ ಆಗಬಾರದು, ನೋವು ರೋಗ ಇರಬಾರದು, ಭಯ ಇರಬಾರದು, ತನ್ನ ಸಹಜ ವರ್ತನೆಗೆ ಅವಕಾಶ ಇರಬೇಕು. ಶುರುವಿಗೆ ಇದು ಸಾಕು. ಆದರೆ ಈಗಿನ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಷ್ಟ ಇಲ್ಲದಿದ್ದರೆ ಸಾಕಾ, ಖುಷಿಯೂ ಬೇಡವಾ ಎಂದು ಕೇಳುತ್ತಾರೆ. ನನಗೂ ಆ ಪ್ರಶ್ನೆಯೇ ಸರಿ ಅನ್ನಿಸುತ್ತದೆ.

ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇರುವುದು, ತಲೆ ಆಡಿಸುತ್ತಲೇ ಇರುವುದು ಕಂಡರೆ ಬರೆದುಕೊಳ್ಳಿ. ಅದು ಒತ್ತಡದ ಗುರುತು ಇರಬಹುದು. ಹಿಂದೆ ಎಲ್ಲೋ ಕೆಟ್ಟ ಪಂಜರದಲ್ಲಿ ಅಂಟಿಕೊಂಡ ಚಾಳಿಯೂ ಇರಬಹುದು. ಊಟಕ್ಕೆ ಎಷ್ಟು ಹೊತ್ತಿದೆ ನೋಡಿ. ಎಷ್ಟೋ ಪ್ರಾಣಿಗಳು ಊಟದ ಹೊತ್ತಿಗೆ ಮೊದಲು ಜಾಸ್ತಿ ಓಡಾಡುತ್ತವೆ.

ಅನುಮತಿ ಬೇಕಾ?

ಟಿಕೆಟ್ ತೆಗೆದು ಎಲ್ಲರೂ ನಿಲ್ಲುವ ಜಾಗದಲ್ಲಿ ಕೂತು ಬರೆಯುವುದಾದರೂ ಒಂದು ಮಾತು ಹೇಳಿ, ಕಾಲೇಜಿನ ಪತ್ರ ಕೊಟ್ಟು ಕೂರುವುದು ಮರ್ಯಾದೆ. ಒಳಗಿನ ದಾಖಲೆ, ಆಹಾರದ ಪಟ್ಟಿ, ನೀರಿನ ಸ್ಯಾಂಪಲ್ ಬೇಕಾದರೆ ಬರಹದಲ್ಲೇ ಅನುಮತಿ ಬೇಕು. ಒಂದು ಕಡೆ ನಮ್ಮ ಮೂರು ಪತ್ರಕ್ಕೂ ಉತ್ತರ ಬರಲಿಲ್ಲ. ಮಕ್ಕಳಿಗೆ ಬಹಳ ಬೇಸರವಾಯಿತು. ಗಾಜಿನ ಹೊರಗಿಂದ ಕಾಣುವಷ್ಟಕ್ಕೇ ಪ್ರಶ್ನೆ ಬದಲಿಸಿಕೊಂಡೆವು. ಕದ್ದು ಫೋಟೋ ತೆಗೆಯುವ ಯೋಚನೆ ಯಾರಿಗೂ ಬೇಡ.

ಡಾಲ್ಫಿನ್ ಶೋ ಬಗ್ಗೆ ಬರೆಯಬಹುದಾ?

ಭಾರತದಲ್ಲಿ ಡಾಲ್ಫಿನ್ ಶೋ ಇಲ್ಲ. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬೇಡ ಅಂದುಬಿಟ್ಟಿತು. ನಮ್ಮ ಸರ್ಕಾರಗಳ ಒಳ್ಳೆಯ ನಿರ್ಧಾರಗಳಲ್ಲಿ ಇದೂ ಒಂದು. ವಾಸ್ಕೋದ ವಿದ್ಯಾರ್ಥಿನಿ ಒಬ್ಬಳು ಇದಕ್ಕೆ ತಾಗಿದ ಚೆಂದದ ಪ್ರಶ್ನೆ ಕೇಳಿದಳು. ಗೋವಾದಲ್ಲಿ ಪ್ರವಾಸಿ ದೋಣಿಗಳು ಡಾಲ್ಫಿನ್ ತೋರಿಸಲು ಹೋಗುತ್ತವೆ. ಡಾಲ್ಫಿನ್‌ಗಳಿಗೆ ಗೋಡೆ ಇಲ್ಲ, ಆದರೆ ಸುತ್ತ ಐದಾರು ದೋಣಿ ನಿಂತರೆ? ದಡದ ಎತ್ತರದ ಜಾಗದಲ್ಲಿ ಬೈನಾಕ್ಯುಲರ್ ಹಿಡಿದು ಕೂತರೆ ಎಷ್ಟು ದೋಣಿ ಇವೆ, ಎಷ್ಟು ಹತ್ತಿರ ಬಂದವು, ಡಾಲ್ಫಿನ್ ಎಷ್ಟು ಹೊತ್ತು ಮುಳುಗಿತ್ತು ಎಲ್ಲವನ್ನೂ ಬರೆಯಬಹುದು. ನೋಡಲು ದೋಣಿ ಹತ್ತಿದರೆ ನೀವೇ ಇನ್ನೊಂದು ದೋಣಿ ಆಗುತ್ತೀರಿ.

ಮನೆಯಿಂದ ಹೊರಗೆ ಕಳಿಸಲ್ಲ. ನಾನೇನು ಮಾಡಲಿ?

ಮನೆಯಲ್ಲಿ, ಇಲ್ಲವೇ ಪಕ್ಕದ ಫ್ಲ್ಯಾಟಿನಲ್ಲಿ ಮೀನಿನ ತೊಟ್ಟಿ ಇದೆಯಾ? ಅದೂ ಕೂಡಿಹಾಕಿದ ಪ್ರಾಣಿಯೇ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲ ಎರಡೂ ಮೀನಿಗೆ ವಿಷ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ವಾರಗಳೇ ಬೇಕು. ಅಂಗಡಿಯಿಂದ ತಂದ ಮೀನು ಮೊದಲ ತಿಂಗಳಲ್ಲೇ ಸಾಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ದಿನವೂ ಕಿಟ್ಟಿನಿಂದ ಅಳೆದು ಗ್ರಾಫ್ ಹಾಕಿ.

ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ತೆರೆಯುತ್ತಲೇ ಇದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಫೈಟರ್ ಮೀನು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡರೆ ಅದು ಅದರ ಸಹಜ ಗುಣ, ಗಾಳಿ ಉಸಿರಾಡುವ ಅಂಗ ಅದಕ್ಕಿದೆ. ಕಣ್ಣಿಗೆ ಕಂಡದ್ದು ಒಂದೇ ಥರ. ಯಾವ ಮೀನು ಅಂತ ಗೊತ್ತಿಲ್ಲದೆ ಅರ್ಥ ಹೇಳಲು ಹೋಗಬೇಡಿ.

ಕನ್ನಡದಲ್ಲಿ ಬರೆಯಬಹುದಾ?

ಬರೆಯಲೇಬೇಕು ಅಂತ ನನ್ನ ಆಸೆ. ಕಾಲೇಜಿಗೆ ಇಂಗ್ಲಿಷ್ ಪ್ರತಿ ಕೊಡಿ, ನಮ್ಮ ನೋಟ್‌ಬುಕ್ ಕನ್ನಡದಲ್ಲಿರಲಿ. ಮೀನಿನ ಹೆಸರನ್ನು ಮನೆಯಲ್ಲಿ ಕರೆಯುವ ಹಾಗೇ ಬರೆಯಿರಿ: ಬಂಗುಡೆ, ಅಂಜಲ್, ಮಾಂಜಿ. ಪಕ್ಕದಲ್ಲಿ ಕೋಳಿ ಸಮುದಾಯದ ಹೆಂಗಸರು ಮಾರುಕಟ್ಟೆಯಲ್ಲಿ ಕರೆಯುವ ಹೆಸರು: ಬಾಂಗಡಾ, ಸುರಮಯಿ, ಪಾಪ್ಲೆಟ್. ಹಾಗೆ ಬರೆದರೆ ಅಜ್ಜಿಗೂ ಓದಿ ಹೇಳಬಹುದು. ಅಜ್ಜಿ ತಪ್ಪು ತಿದ್ದುತ್ತಾರೆ, ನೋಡಿ ಬೇಕಾದರೆ.

ಕೊನೆಗೆ ಏನೂ ಸಿಗದಿದ್ದರೆ?

"ಏನೂ ಸಿಗಲಿಲ್ಲ" ಎಂದು ಬರೆಯಿರಿ. ಎಲ್ಲಿ, ಯಾವಾಗ, ಹೇಗೆ ಹುಡುಕಿದಿರಿ ಎಂದೂ ಬರೆಯಿರಿ. ಮುಂದಿನ ವರ್ಷ ಬರುವವರಿಗೆ ಅದು ಬೇಕು.

ಮಕ್ಕಳು ಕಸ ಮುಟ್ಟುತ್ತಾರೆ. ಅಪಾಯ ಇಲ್ವಾ?

ಇದೆ. ಅದಕ್ಕೇ ದಪ್ಪ ಕೈಗವಸು, ಗಟ್ಟಿ ತಳದ ಶೂ, ಉದ್ದ ಇಕ್ಕಳ ಕಡ್ಡಾಯ. ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಸಿರಿಂಜ್, ಒಡೆದ ಗಾಜು ಕಂಡರೆ ಎಣಿಸಿ, ಎತ್ತಬೇಡಿ. ಕಪ್ಪು ಡಾಂಬರ್ ಉಂಡೆ ಕಾಲಿಗೆ ಮೆತ್ತಿಕೊಂಡರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಉಬ್ಬರದ ದಿನ ಯಾರನ್ನೂ ತೀರಕ್ಕೆ ಕರೆದುಕೊಂಡು ಹೋಗುವುದಿಲ್ಲ.

ಯಾವಾಗ ಶುರು ಮಾಡೋದು?

ದಸರಾ ಕಳೆದ ಮೇಲೆ. ಮಳೆ ನಿಂತಿರುತ್ತದೆ, ಮರಳು ಒಣಗಿರುತ್ತದೆ. ಮೊದಲ ದಿನ ಚೌಕಟ್ಟು ಬೇಡ, ಚಮಚ ಬೇಡ. ಒಂದು ಪೆನ್ಸಿಲ್, ಎರಡು ಕಾಲಮ್ ಹಾಕಿದ ನೋಟ್‌ಬುಕ್, ಸ್ಟೀಲ್ ಬಾಟಲಿಯಲ್ಲಿ ನೀರು. ಒಂದು ಗಂಟೆ ಒಂದೇ ಜಾಗದಲ್ಲಿ ಕೂರುತ್ತೇವೆ. ಮೊಬೈಲ್ ನನ್ನ ಚೀಲದಲ್ಲಿರುತ್ತದೆ.